ಕಳೆನಾಶಕ ಹೊಡೆದರೂ ಸೋಯಾಬೀನ್ ಹೊಲದಲ್ಲಿ ಕಸ ನಿಂತಿದೆಯೇ? ಎರಡನೇ ಸಲ ಹೊಡೆಯುವ ಮುಂಚೆ ನೋಡಬೇಕಾದದ್ದು

ಜುಲೈ ಮೂರನೇ ವಾರ ಬಂತೆಂದರೆ ಮಹಾರಾಷ್ಟ್ರದ ಗಡಿಯ ಅಕ್ಕಲಕೋಟ, ಉಮರ್ಗಾ ಕಡೆಯ ನಮ್ಮ ಹಳ್ಳಿಗಳಲ್ಲಿ ಒಂದೇ ಮಾತು. "ಕಾಕಾ, ಎಣ್ಣಿ ಹೊಡದು ಎಂಟ್ ದಿನ ಆಯ್ತು, ಕಸ ಹಂಗೇ ನಿಂತದ." ಅದರ ಬೆನ್ನಿಗೇ ಇನ್ನೊಂದು. "ಮತ್ತೊಂದ್ ಸಲ ಹೊಡೀಲೇನು?"

ಮೊದಲನೇ ಮಾತಿಗೆ ನನಗೆ ಅಷ್ಟು ಚಿಂತೆಯಿಲ್ಲ. ಎರಡನೆಯದಕ್ಕೆ ಹೆದರಿಕೆ ಆಗುತ್ತದೆ. ಮೊದಲ ಸಲ ಯಾಕೆ ಕೆಲಸ ಆಗಲಿಲ್ಲ ಅಂತ ತಿಳಿಯದೆ ಎರಡನೇ ಸಲ ಹೊಡೆದು ನಾನೇ ಮೂರು ಎಕರೆ ಕೆಡಿಸಿಕೊಂಡಿದ್ದೇನೆ. ಬಿತ್ತಿ 32ನೇ ದಿನಕ್ಕೆ ಇಮ್ಯಾಜೆಥಾಪೈರ್ ಎನ್ನುವ ಕಳೆನಾಶಕ ಹೊಡೆದೆ. ಎಂಟು ದಿನ ಕಾದೆ. ಕಸ ಬಗ್ಗಲಿಲ್ಲ. 40ನೇ ದಿನಕ್ಕೆ ಕ್ಲೋರಿಮುರಾನ್ ಎನ್ನುವ ಇನ್ನೊಂದು ಕಳೆನಾಶಕ ತಂದು, ಹುಳುವಿಗೂ ಒಂದೇ ಕೆಲಸದಲ್ಲಿ ಮುಗಿಯಲಿ ಅಂತ ಕೀಟನಾಶಕ ಬೆರೆಸಿ ಹೊಡೆದೆ. ಕಸ ಅರ್ಧ ಸತ್ತಿತು, ಬೆಳೆ ಅರ್ಧ ನಿಂತಿತು. ಆಮೇಲೆ ಹಿಂಗಾರಿ ಜೋಳಕ್ಕೂ ಅದರ ಪೆಟ್ಟು ಬಿತ್ತು. ಆ ಕಥೆ ಕೊನೆಗೆ ಹೇಳುತ್ತೇನೆ.

ಕಸ ನಿಜವಾಗಿ ಬದುಕಿದೆಯೇ?

ಎಂಟು ದಿನಕ್ಕೆ ತೀರ್ಮಾನ ಮಾಡಬೇಡಿ. ಇಮ್ಯಾಜೆಥಾಪೈರ್, ಕ್ಲೋರಿಮುರಾನ್ ಇವೆರಡೂ ನಿಧಾನದ ಔಷಧ. ಗಿಡದ ಬೆಳವಣಿಗೆಗೆ ಬೇಕಾದ ಕೆಲವು ಅಮೈನೋ ಆಮ್ಲಗಳು ತಯಾರಾಗುವುದನ್ನು ಇವು ನಿಲ್ಲಿಸುತ್ತವೆ. ಕಸ ಹೊಡೆದ ದಿನವೇ ಬೆಳೆಯುವುದು ನಿಲ್ಲಿಸುತ್ತದೆ, ಆದರೆ ಒಣಗಲು 15ರಿಂದ 20 ದಿನ ಬೇಕು. ಅಲ್ಲಿಯವರೆಗೆ ದೂರದಿಂದ ನೋಡಿದರೆ ಹಸಿರಾಗಿಯೇ ಕಾಣುತ್ತದೆ.

ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಹತ್ತು ಕಸದ ಗಿಡಗಳಿಗೆ ಕೆಂಪು ದಾರ ಕಟ್ಟಿ. ಎಷ್ಟು ಎಲೆ ಇವೆ ಅಂತ ಬರೆದುಕೊಳ್ಳಿ. ನಾಲ್ಕು ದಿನ ಬಿಟ್ಟು ಹೋಗಿ ನೋಡಿ. ಹೊಸ ಎಲೆ ಬಂದಿಲ್ಲ, ತುದಿ ಹಳದಿಯೋ ನೇರಳೆಯೋ ಆಗಿದೆ ಎಂದರೆ ಔಷಧ ಕೆಲಸ ಮಾಡುತ್ತಿದೆ. ಸುಮ್ನೆ ಬಿಡಿ. ಹೊಸ ಹಸಿರು ಎಲೆ ಬಂದಿದ್ದರೆ ಮಾತ್ರ ಮುಂದಿನ ವಿಚಾರಣೆ.

ಕ್ವಿಜಾಲೋಫಾಪ್, ಪ್ರೊಪಾಕ್ವಿಜಾಫಾಪ್ ತರಹದ ಹುಲ್ಲಿನ ಔಷಧಕ್ಕೆ ಪರೀಕ್ಷೆ ಬೇರೆ. ಒಂದು ವಾರದ ಮೇಲೆ ಹುಲ್ಲಿನ ನಡುವಿನ ಎಳೆ ಎಲೆ ಹಿಡಿದು ಮೆಲ್ಲಗೆ ಎಳೆಯಿರಿ. ಸುಲಭವಾಗಿ ಕಿತ್ತು ಬಂದು, ಬುಡ ಕಂದಾಗಿ ಕೊಳೆತಿದ್ದರೆ ಆ ಹುಲ್ಲು ಸತ್ತ ಹಾಗೆಯೇ. ಹೊರಗಿನ ಎಲೆ ಎಷ್ಟೇ ಹಸಿರಿದ್ದರೂ ಸರಿ.

ಬದುವಿನ ಮೇಲೆ ನಿಂತು ಹೊಲ ಓದಿ

ಬಾಟಲಿ ಓದುವುದಕ್ಕಿಂತ ಮೊದಲು ಹೊಲ ಓದಬೇಕು. ಕಸ ಎಲ್ಲಿ ಸತ್ತಿದೆ, ಎಲ್ಲಿ ಉಳಿದಿದೆ ಎನ್ನುವ ಗುರುತೇ ಅರ್ಧ ಉತ್ತರ ಹೇಳುತ್ತದೆ.

ಸತ್ತ ಪಟ್ಟಿ, ಬದುಕಿದ ಪಟ್ಟಿ ಹಾವಿನ ಹಾಗೆ ಹೊರಳುತ್ತಾ ಹೋಗಿದ್ದರೆ ಪಂಪು ಹೊಡೆದವರು ಕೋಲನ್ನು ಅತ್ತಿತ್ತ ಬೀಸಿದ್ದಾರೆ. ಕಳೆನಾಶಕಕ್ಕೆ ಬೀಸುವ ಕೆಲಸವಿಲ್ಲ. ಕೋಲು ಒಂದೇ ಎತ್ತರದಲ್ಲಿ ಹಿಡಿದು ನೇರ ನಡೆಯಬೇಕು. ನಾಝಲ್ ಕೂಡ ಬೇರೆ. ಕೀಟನಾಶಕಕ್ಕೆ ಹಾಕುವ ಗುಂಡಗೆ ಮಂಜು ಬೀಳುವ ನಾಝಲ್ ಬೇಡ. ಬೀಸಣಿಗೆ ಹಾಗೆ ಚಪ್ಪಟೆಯಾಗಿ ಬೀಳುವ ಫ್ಲಾಟ್ ಫ್ಯಾನ್ ಬೇಕು. ನಮ್ಮ ಕಡೆ ಹತ್ತರಲ್ಲಿ ಎಂಟು ಪಂಪಿಗೆ ವರ್ಷವಿಡೀ ಒಂದೇ ನಾಝಲ್ ಇರುತ್ತದೆ.

ಒಂದು ಜಾತಿಯ ಕಸ ಪೂರ್ತಿ ಸತ್ತು, ಇನ್ನೊಂದು ಜಾತಿ ಪೂರ್ತಿ ಉಳಿದಿದ್ದರೆ ಔಷಧದ ಆಯ್ಕೆ ತಪ್ಪಾಗಿದೆ. ಎಲ್ಲ ಜಾತಿಯ ಸಣ್ಣ ಗಿಡ ಸತ್ತು ದೊಡ್ಡವು ಉಳಿದಿದ್ದರೆ ತಡವಾಗಿದೆ. ಹೊಲವಿಡೀ ಎಲ್ಲವೂ ಅರೆಜೀವ ಆಗಿದ್ದರೆ ಪ್ರಮಾಣ ಕಡಿಮೆ ಬಿದ್ದಿದೆ, ಅಥವಾ ಮಳೆ ತೊಳೆದಿದೆ. ಬದುವಿನ ಪಕ್ಕದ ನಾಲ್ಕು ಸಾಲಿನಲ್ಲಿ ಮಾತ್ರ ಬೆಳೆ ಕೆಟ್ಟಿದ್ದರೆ ಪಕ್ಕದ ಹೊಲದ ಔಷಧ ಗಾಳಿಯಲ್ಲಿ ಬಂದಿದೆ.

ಇದನ್ನೆಲ್ಲ ಖಚಿತವಾಗಿ ತಿಳಿಯಲು ಪ್ರತಿ ವರ್ಷ ಎರಡು ಸಾಲು ಔಷಧ ಹೊಡೆಯದೆ ಬಿಡಿ. ಹೋಲಿಸಲು ಏನೂ ಇಲ್ಲದಿದ್ದರೆ ಯಾವ ತಜ್ಞ ಬಂದರೂ ಊಹೆಯೇ ಮಾಡಬೇಕಾಗುತ್ತದೆ.

ಎಷ್ಟನೇ ದಿನ ಹೊಡೆದಿರಿ?

ನಾನು ನೋಡಿದ ತಾಪತ್ರಯಗಳಲ್ಲಿ ಜಾಸ್ತಿ ಪಾಲು ಇಲ್ಲೇ ಇದೆ. ಔಷಧ ಯಾವುದು ಅಂತ ಎಲ್ಲರಿಗೂ ನೆನಪಿರುತ್ತದೆ, ಬಿತ್ತಿದ ತಾರೀಖು ಕೇಳಿದರೆ "ಮಿರಗ ಮಳಿ (ಮೃಗಶಿರಾ ಮಳೆ) ಆದ ಮ್ಯಾಲ" ಎನ್ನುತ್ತಾರೆ. ಅದು ಸಾಲದು. ತಾರೀಖು ಬೇಕು.

ಸೋಯಾಬೀನ್ ಮೊದಲ 45 ದಿನ ಬಹಳ ಮೆತ್ತಗೆ ಬೆಳೆಯುವ ಬೆಳೆ. ಸಾಲು ಕೂಡಿಕೊಳ್ಳುವ ತನಕ ಕಸ ಅದಕ್ಕಿಂತ ಮುಂದೆ ಓಡುತ್ತದೆ. ಹೀಗಾಗಿ ಔಷಧಗಳಲ್ಲಿ ಎರಡು ಕಾಲದವು ಇವೆ.

ಮೊದಲನೆಯವು ಬಿತ್ತಿದ ಮೇಲೆ, ಮೊಳಕೆ ಬರುವ ಮುಂಚೆ ಹೊಡೆಯುವವು. ಪೆಂಡಿಮೆಥಾಲಿನ್, ಡೈಕ್ಲೋಸುಲಾಮ್, ಸಲ್ಫೆಂಟ್ರಾಜೋನ್ ಇಂಥವು. ಇವಕ್ಕೆ ಬಿತ್ತಿದ 48 ಗಂಟೆಯ ಒಳಗಿನ ಸಮಯ ಒಳ್ಳೆಯದು. ಇವು ಮಣ್ಣಿನ ಮೇಲೆ ಒಂದು ತೆಳು ಪದರ ಕಟ್ಟುತ್ತವೆ, ಮೇಲೆ ಬರುವ ಕಸದ ಮೊಳಕೆ ಆ ಪದರದಲ್ಲೇ ಸಿಕ್ಕಿ ಸಾಯುತ್ತದೆ. ಆಗಲೇ ಹುಟ್ಟಿ ಎಲೆ ಬಿಟ್ಟ ಕಸಕ್ಕೆ ಪೆಂಡಿಮೆಥಾಲಿನ್ ಏನೂ ಮಾಡದು. ಆರನೇ ದಿನ ಹೊಡೆದು "ಔಷಧ ಡುಪ್ಲಿಕೇಟ್" ಅಂದರೆ ತಪ್ಪು ಔಷಧದ್ದಲ್ಲ.

ನಮ್ಮ ಎರೆ ಭೂಮಿಯಲ್ಲಿ ಈ ಪದರ ಕೆಡಲು ಎರಡು ಕಾರಣ ಸಾಮಾನ್ಯ. ಒಂದು, ಹೆಂಟೆ. ಹೆಂಟೆಯ ಕೆಳಗೆ ಔಷಧ ಬೀಳುವುದೇ ಇಲ್ಲ, ಮಳೆಗೆ ಅದು ಒಡೆದಾಗ ಒಳಗಿನ ಕಸ ಆರಾಮವಾಗಿ ಎದ್ದು ಬರುತ್ತದೆ. ಎರಡು, ಒಣ ಮಣ್ಣು. ಹೊಡೆಯುವಾಗ ಮಣ್ಣಿನಲ್ಲಿ ಹಸಿ ಇರಬೇಕು. ಮೇಲ್ಮಣ್ಣು ಒಣಗಿ, ಆಮೇಲೆ ಹತ್ತು ದಿನ ಮಳೆ ಇಲ್ಲ ಎಂದರೆ ಔಷಧ ಮಣ್ಣಿಗೆ ಇಳಿಯುವುದಿಲ್ಲ. ಪೆಂಡಿಮೆಥಾಲಿನ್ ಬಿಸಿಲಿಗೆ ಸ್ವಲ್ಪ ಹಾರಿಯೂ ಹೋಗುತ್ತದೆ. ಇದನ್ನು ಹೊಡೆದ ಮೇಲೆ ಬೇಗ ಎಡೆಕುಂಟೆ ಹೊಡೆದರೂ ಪದರ ಒಡೆಯುತ್ತದೆ.

ಎರಡನೆಯವು ನಿಂತ ಬೆಳೆಯಲ್ಲಿ ಹೊಡೆಯುವವು. ಇವಕ್ಕೆ ಬಿತ್ತಿದ 15ರಿಂದ 20ನೇ ದಿನ ಸರಿಯಾದ ಹೊತ್ತು. ದಿನಕ್ಕಿಂತಲೂ ಕಸದ ಎಲೆ ಎಣಿಸುವುದು ಇನ್ನೂ ಒಳ್ಳೆಯದು. ಎರಡರಿಂದ ನಾಲ್ಕು ಎಲೆ ಇರುವಾಗ ಹೊಡೆಯಬೇಕು. ಕಸ ನಿಮ್ಮ ಬೆರಳಿನಷ್ಟು ಎತ್ತರ ಇರುವಾಗ "ಇನ್ನೂ ಸಣ್ಣದದ, ಎಲ್ಲಾ ಹುಟ್ಟಲಿ ತಡಿ" ಎಂದು ಕಾಯುತ್ತೇವೆ, ಅಲ್ವಾ? ಆ ಕಾಯುವಿಕೆಯೇ ಮುಳುಗಿಸುತ್ತದೆ. ಗೇಣುದ್ದ ಆದ ಕಸದ ಕಾಂಡದಲ್ಲಿ ಅದೇ ಔಷಧವನ್ನು ತಡೆದುಕೊಳ್ಳುವ ಶಕ್ತಿ ಬಂದಿರುತ್ತದೆ. ನನ್ನ 32ನೇ ದಿನದ ಹೊಡೆತ ಹೀಗೇ ವ್ಯರ್ಥವಾಯಿತು.

ಜುಲೈಯಲ್ಲಿ ಜಿಟಿಜಿಟಿ ಮಳೆ ಹಿಡಿದು ಹೊಲಕ್ಕೆ ಕಾಲಿಡಲು ಆಗದ ವರ್ಷ ಇರುತ್ತದೆ. 15ನೇ ದಿನ ಹೋಗಿ 28 ಆಗುತ್ತದೆ. ಅದಕ್ಕಾಗಿಯೇ ಮೊಳಕೆ ಮುಂಚಿನ ಔಷಧ ಒಂದನ್ನು ಹೊಡೆದು ಇಟ್ಟುಕೊಳ್ಳುವುದು ಲೇಸು ಎನ್ನುವುದು ನನ್ನ ಅನುಭವ. ಅದು ಹತ್ತು ಹದಿನೈದು ದಿನದ ಸಮಯ ಕೊಡುತ್ತದೆ.

ಪಂಪಿನ ಲೆಕ್ಕ

ಅಂಗಡಿಯಲ್ಲಿ "ಪಂಪಿಗೆ 40 ಮಿಲಿ ಹಾಕ್ರಿ" ಎನ್ನುತ್ತಾರೆ. ಆ 40 ಎಲ್ಲಿಂದ ಬಂತು? ಇಮ್ಯಾಜೆಥಾಪೈರ್ 10 ಪರ್ಸೆಂಟ್ ಔಷಧಕ್ಕೆ ಶಿಫಾರಸು ಹೆಕ್ಟೇರಿಗೆ 1 ಲೀಟರ್, ಎಂದರೆ ಎಕರೆಗೆ 400 ಮಿಲಿ. ಎಕರೆಗೆ ಹತ್ತು ಪಂಪು ಹೋಗುತ್ತದೆ ಅಂತ ಹಿಡಿದು 40 ಮಿಲಿ. ಆದರೆ ನೀವು ಬಿರಬಿರನೆ ನಡೆದು ಆರೇ ಪಂಪಿಗೆ ಎಕರೆ ಮುಗಿಸಿದರೆ ಹೊಲಕ್ಕೆ ಬಿದ್ದದ್ದು 240 ಮಿಲಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇನ್ನೊಬ್ಬರು ಬ್ಯಾಟರಿ ಪಂಪು ಹಿಡಿದು ನಿಧಾನ ನಡೆದು 14 ಪಂಪು ಹೊಡೆದರೆ 560 ಮಿಲಿ. ಅವರ ಬೆಳೆ ಹಳದಿ ಆಗುತ್ತದೆ. ಇಬ್ಬರೂ ಒಂದೇ ಅಂಗಡಿಯ ಒಂದೇ ಬಾಟಲಿ ತಂದವರು. ಒಬ್ಬರು ಔಷಧ ನೀರು ಎನ್ನುತ್ತಾರೆ, ಇನ್ನೊಬ್ಬರು ವಿಷ ಎನ್ನುತ್ತಾರೆ.

ಒಂದು ಗಂಟೆ ಕೊಟ್ಟರೆ ಇದು ಬಗೆಹರಿಯುತ್ತದೆ. 33 ಅಡಿ ಹಗ್ಗ ತೆಗೆದುಕೊಳ್ಳಿ. 33 ಅಡಿ ಉದ್ದ, 33 ಅಡಿ ಅಗಲ ಎಂದರೆ ಒಂದು ಗುಂಟೆ. ಗುಂಟೆಗಳ ಗುರುತು ಹಾಕಿ. ಪಂಪಿಗೆ ಬರೀ ನೀರು ತುಂಬಿ, ಔಷಧ ಹೊಡೆಯುವ ನಡಿಗೆಯಲ್ಲೇ ಹೊಡೆಯಿರಿ. ನೀರು ಮುಗಿದಾಗ ಎಷ್ಟು ಗುಂಟೆ ಆಯಿತು? ನಾಲ್ಕು ಗುಂಟೆ ಆದರೆ ಎಕರೆಯ 40 ಗುಂಟೆಗೆ ಹತ್ತು ಪಂಪು. ಎಕರೆಯ ಪ್ರಮಾಣವನ್ನು ಆ ಸಂಖ್ಯೆಯಿಂದ ಭಾಗಿಸಿ. ಹೊಡೆಯುವವರು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ನೀರು ಎಕರೆಗೆ 150ರಿಂದ 200 ಲೀಟರ್ ಇರಬೇಕು.

ಡೈಕ್ಲೋಸುಲಾಮ್ ಎಕರೆಗೆ 12 ಗ್ರಾಂ ಆಸುಪಾಸು, ಕ್ಲೋರಿಮುರಾನ್ 25 ಪರ್ಸೆಂಟ್ ಪುಡಿ 15 ಗ್ರಾಂ. ಇಷ್ಟು ಕಡಿಮೆ ತೂಕವನ್ನು ಚಮಚದಲ್ಲಿ ಅಂದಾಜು ಮಾಡಲೇಬಾರದು. ಪೂರ್ತಿ ಪುಡಿಕೆಯನ್ನು ಅಳತೆಯ ನೀರಿನಲ್ಲಿ ಕರಗಿಸಿ, ಪಂಪಿಗೆ ಇಷ್ಟು ಲೋಟ ಅಂತ ಸಮನಾಗಿ ಹಂಚಿ.

ನೀರಿನ ವಿಷಯ ಎರಡು ಮಾತು. ಹಳ್ಳದ ಕೆಂಪು ನೀರು, ರಾಡಿ ನೀರು ಬೇಡ. ಜೊತೆಗೆ ಕೊಟ್ಟ ಅಂಟು ದ್ರಾವಣ, ಅಮೋನಿಯಂ ಸಲ್ಫೇಟ್ ಪುಡಿಕೆಯನ್ನು ಎಸೆಯಬೇಡಿ. ಇಮ್ಯಾಜೆಥಾಪೈರ್ ಎಲೆಯೊಳಗೆ ಇಳಿಯಲು ಅವು ಬೇಕು.

ಯಾವ ಕಸ ಉಳಿದಿದೆ?

ಇಲ್ಲಿ ಕಣ್ಣಿಗೆ ಮೋಸ ಆಗುವುದು ಹೆಚ್ಚು. ಹುಲ್ಲಿನ ಔಷಧ ಹೊಡೆದೆ, ಹುಲ್ಲು ಸಾಯಲಿಲ್ಲ ಎಂದು ಒಬ್ಬ ತಮ್ಮ ಕರೆದ. ಹೋಗಿ ನೋಡಿದರೆ ಅದು ಜೇಕು. ಕಾಂಡವನ್ನು ಬೆರಳಿನ ನಡುವೆ ಉರುಳಿಸಿ ನೋಡಿ. ಮೂರು ಏಣು ಸಿಕ್ಕರೆ ಜೇಕು, ಅದು ಹುಲ್ಲಿನ ಜಾತಿಯೇ ಅಲ್ಲ. ಕ್ವಿಜಾಲೋಫಾಪ್ ಎಷ್ಟು ಹೊಡೆದರೂ ಅದಕ್ಕೆ ತಾಕುವುದಿಲ್ಲ. ಮಣ್ಣೊಳಗೆ ಗಡ್ಡೆ ಇರುವ ತನಕ ಮತ್ತೆ ಬರುತ್ತದೆ. ಇಮ್ಯಾಜೆಥಾಪೈರ್ ಅದನ್ನು ಸ್ವಲ್ಪ ಅದುಮುತ್ತದೆ, ಅಷ್ಟೇ.

ಅದಕ್ಕಿಂತ ಗಟ್ಟಿ ಕಸ ಕನ್ನೆ ಸೊಪ್ಪು. ನಮ್ಮ ಕಡೆ ಮರಾಠಿಯ ಕೇನಾ ಎನ್ನುವ ಹೆಸರೇ ಜಾಸ್ತಿ ಓಡುತ್ತದೆ. ಸಣ್ಣ ನೀಲಿ ಹೂವು, ರಸ ತುಂಬಿದ ಕಾಂಡ. ಇದಕ್ಕೂ ಹುಲ್ಲಿನ ಔಷಧ ನಾಟದು. ಇದು ಮಣ್ಣಿನ ಮೇಲೂ ಹೂ ಬಿಟ್ಟು ಬೀಜ ಮಾಡುತ್ತದೆ, ಮಣ್ಣಿನ ಕೆಳಗೂ ಮಾಡುತ್ತದೆ. ತುಂಡು ಮಾಡಿ ಬಿಸಾಡಿದರೆ ಪ್ರತಿ ಗೆಣ್ಣೂ ಬೇರು ಬಿಡುತ್ತದೆ. ಹಸಿ ಹೊಲದಲ್ಲಿ ಎಡೆಕುಂಟೆ ಹೊಡೆದರೆ ಕೇನಾ ನಾಟಿ ಮಾಡಿದ ಹಾಗೆ. ಬಿಸಿಲು ಬಿದ್ದ ದಿನ ಕಿತ್ತು ಬದುವಿನ ಆಚೆ ಒಯ್ದು ಒಣಗಿಸಬೇಕು. ಔಷಧದಲ್ಲಿ ಹಿಡಿಯಬೇಕಾದರೆ ಮೊಳಕೆ ಮುಂಚೆ ಡೈಕ್ಲೋಸುಲಾಮ್ ನನಗೆ ಚೆನ್ನಾಗಿ ಕೆಲಸ ಕೊಟ್ಟಿದೆ. ನಿಂತ ಬೆಳೆಯಲ್ಲಿ ಎರಡು ಎಲೆ ದಾಟಿದರೆ ಅದರ ಆಸೆ ಬಿಡಬೇಕು.

ಕರಿಕೆಗೆ (ಗರಿಕೆ ಹುಲ್ಲಿಗೆ) ಸೋಯಾಬೀನ್ ಹೊಲದಲ್ಲಿ ಪೂರ್ತಿ ಪರಿಹಾರ ಇಲ್ಲ. ಬೇಸಿಗೆಯಲ್ಲಿ ಆಳ ನೇಗಿಲು ಹೊಡೆದು ಬೇರು ಬಿಸಿಲಿಗೆ ಹಾಕಿ ಆರಿಸುವುದೇ ದಾರಿ.

ಹುಲ್ಲು, ಅಗಲ ಎಲೆ ಎರಡೂ ಬಗೆಯ ಕಸ ಇದೆ ಅಂತ ಮನೆಯಲ್ಲೇ ಎರಡು ಔಷಧ ಬೆರೆಸುತ್ತೇವಲ್ಲ, ಅದರಲ್ಲಿ ಹುಲ್ಲಿನ ಔಷಧದ ಬಲ ಕುಗ್ಗುವುದುಂಟು. ಕಂಪನಿಯೇ ಬೆರೆಸಿ ಕೊಡುವ ಜೋಡಿ ಔಷಧಗಳು ಇವೆ. ಪ್ರೊಪಾಕ್ವಿಜಾಫಾಪ್ ಜೊತೆ ಇಮ್ಯಾಜೆಥಾಪೈರ್, ಫ್ಲುಅಜಿಫಾಪ್ ಜೊತೆ ಫೊಮೆಸಾಫೆನ್, ಕ್ಲೊಡಿನಾಫಾಪ್ ಜೊತೆ ಅಸಿಫ್ಲೋರ್ಫೆನ್. ಅವನ್ನೇ ಬಳಸುವುದು ಕ್ಷೇಮ. ಪ್ರತಿ ವರ್ಷ ಒಂದೇ ಗುಂಪಿನ ಔಷಧಕ್ಕೆ ಅಂಟಿಕೊಳ್ಳಲೂಬಾರದು. ಇಮ್ಯಾಜೆಥಾಪೈರ್, ಕ್ಲೋರಿಮುರಾನ್, ಡೈಕ್ಲೋಸುಲಾಮ್ ಹೆಸರು ಮೂರಾದರೂ ಗಿಡವನ್ನು ಕೊಲ್ಲುವ ಬಗೆ ಒಂದೇ.

ಬೆಳೆಯೇ ಹಳದಿ ಆಗಿದೆ, ಸುಟ್ಟಿದೆ

ಗಾಬರಿ ಬೀಳುವ ಮುಂಚೆ ಎಲೆ ಕೈಗೆ ತೆಗೆದುಕೊಂಡು ನೋಡಿ. ಹೊಡೆದ ಎರಡು ಮೂರು ದಿನದಲ್ಲಿ ಎಲೆ ಮೇಲೆ ಕಂಚಿನ ಬಣ್ಣದ ಸುಟ್ಟ ಕಲೆ, ಎಲೆ ಸುಕ್ಕು: ಇದು ಫೊಮೆಸಾಫೆನ್, ಅಸಿಫ್ಲೋರ್ಫೆನ್ ಮಾಡುವ ಕಲೆ. ಹೊಸ ಎಲೆ ಶುದ್ಧವಾಗಿ ಬಂದರೆ ಏನೂ ಮಾಡಬೇಡಿ. ತುದಿ ಎಲೆ ತಿಳಿ ಹಳದಿ ಆಗಿ ಗಿಡ ಸ್ವಲ್ಪ ಗಿಡ್ಡ ನಿಂತರೆ ಇಮ್ಯಾಜೆಥಾಪೈರ್. ಹತ್ತು ಹದಿನೈದು ದಿನದಲ್ಲಿ ಸುಧಾರಿಸುತ್ತದೆ.

ನರ ಹಸಿರಾಗಿಯೇ ಇದ್ದು ನಡುವಿನ ಭಾಗ ಮಾತ್ರ ಹಳದಿ, ಅದೂ ನೀರು ನಿಂತ ತಗ್ಗಿನಲ್ಲಿ, ಸುಣ್ಣದ ಅಂಶ ಇರುವ ಮಣ್ಣಿನಲ್ಲಿ ಎಂದರೆ ಅದು ಕಬ್ಬಿಣದ ಕೊರತೆ. ಕಳೆನಾಶಕಕ್ಕೂ ಅದಕ್ಕೂ ಸಂಬಂಧವಿಲ್ಲ. ನೀರು ಬಸಿದು ಹೋಗಲು ದಾರಿ ಮಾಡಿ. ಅಲ್ಲಲ್ಲಿ ಒಂದೊಂದು ಗಿಡ ಮಾತ್ರ ಚಿನ್ನದ ಹಾಗೆ ಹಳದಿ ಚುಕ್ಕೆ ಚುಕ್ಕೆ ಆಗಿದ್ದರೆ ಹಳದಿ ಮೊಸಾಯಿಕ್ ರೋಗ, ಬಿಳಿ ನೊಣ ತರುವುದು.

ಗಿಡ ಬಾಗಿ, ಎಲೆ ತೊಟ್ಟು ತಿರುಚಿದ್ದರೆ ಕಬ್ಬಿಗೆ ಹೊಡೆಯುವ ಕಳೆನಾಶಕ 2,4-ಡಿ ಬಂದಿದೆ. ಪಕ್ಕದಲ್ಲಿ ಕಬ್ಬು ಇದೆಯೇ ನೋಡಿ. ಇಲ್ಲವಾದರೆ ಕಬ್ಬಿಗೆ ಹೊಡೆದ ಪಂಪನ್ನೇ ಯಾರಾದರೂ ಎರವಲು ತಂದಿರಬಹುದು. ಪಂಪು, ಪೈಪು, ಜಾಳಿಗೆ ಎಲ್ಲವನ್ನೂ ವಾಷಿಂಗ್ ಸೋಡಾ ನೀರಿನಲ್ಲಿ ನೆನೆಸಿ ಮೂರು ಸಲ ತೊಳೆಯದೆ ಸೋಯಾಬೀನಿಗೆ ತರಲೇಬಾರದು. 2,4-ಡಿಗೆ ಪ್ರತ್ಯೇಕ ಪಂಪು ಇದ್ದರೆ ಇನ್ನೂ ಒಳ್ಳೆಯದು.

ನನ್ನ 40ನೇ ದಿನದ ತಪ್ಪನ್ನೂ ಇಲ್ಲೇ ಬರೆಯುತ್ತೇನೆ. ಕ್ಲೋರಿಮುರಾನ್ ಗುಂಪಿನ ಔಷಧವನ್ನು ಸೋಯಾಬೀನ್ ತನ್ನೊಳಗೆ ಮುರಿದು ಹಾಕಿ ಬದುಕುತ್ತದೆ. ಕೆಲವು ರಂಜಕದ ಕೀಟನಾಶಕಗಳು ಆ ಮುರಿಯುವ ಕೆಲಸಕ್ಕೇ ಅಡ್ಡ ಬರುತ್ತವೆ. ಎರಡನ್ನೂ ಬೆರೆಸಿದರೆ ಬೆಳೆಗೇ ಪೆಟ್ಟು.

ಗ್ಲೈಫೋಸೇಟ್ ಹೊಡೆದವರಿಗೆ

ಇದನ್ನು ಬರೆಯುವಾಗ ಸಂಕಟ ಆಗುತ್ತದೆ. ಮೊಬೈಲಿನಲ್ಲಿ ಅಮೆರಿಕದ ವಿಡಿಯೋ ಬರುತ್ತದೆ. ನಿಂತ ಸೋಯಾಬೀನ್ ಮೇಲೆ, ಹಸಿರು ಗಿಡಗಳನ್ನೆಲ್ಲ ಕೊಲ್ಲುವ ಕಳೆನಾಶಕ ಗ್ಲೈಫೋಸೇಟ್ ಹೊಡೆಯುತ್ತಾರೆ, ಕಸ ಸಾಯುತ್ತದೆ, ಬೆಳೆ ಹಸಿರಾಗಿ ನಗುತ್ತದೆ. ಅದು ನಿಜ, ಆದರೆ ಬೀಜ ಬೇರೆ. 1996ರಿಂದ ಅಲ್ಲಿ ಗ್ಲೈಫೋಸೇಟ್ ತಾಳುವ ಕುಲಾಂತರಿ ಸೋಯಾಬೀನ್ ಬೆಳೆಯುತ್ತಿದ್ದಾರೆ. ನಂತರ ಗ್ಲುಫೋಸಿನೇಟ್, 2,4-ಡಿ, ಡೈಕಾಂಬಾ ತಾಳುವವೂ ಬಂದವು. ಯಾವ ಬೀಜ ಯಾವುದನ್ನು ತಾಳುತ್ತದೋ ಅದಕ್ಕೆ ಅದೇ ಔಷಧ.

ನಮ್ಮ ದೇಶದಲ್ಲಿ ಅಂಥ ಸೋಯಾಬೀನ್ ಬೆಳೆಯಲು ಅನುಮತಿ ಇಲ್ಲ. 2021ರಲ್ಲಿ ಸರ್ಕಾರ ತರಿಸಲು ಬಿಟ್ಟದ್ದು ಕೋಳಿ ಆಹಾರಕ್ಕೆ ಬೇಕಾದ ಕುಲಾಂತರಿ ಸೋಯಾ ಹಿಂಡಿ, ಬಿತ್ತುವ ಬೀಜ ಅಲ್ಲ. ನಮ್ಮ ಜೆಎಸ್ 335, ಪರಭಣಿಯ ಎಂಎಯುಎಸ್ 71, ಫುಲೆ ಸಂಗಮ, ಧಾರವಾಡದ ಡಿಎಸ್‌ಬಿ 21 ಯಾವುದೂ ಗ್ಲೈಫೋಸೇಟ್ ತಾಳುವುದಿಲ್ಲ. ಒಂದು ವಾರದಲ್ಲಿ ತುದಿಯಿಂದ ಹಳದಿ ಆಗುತ್ತಾ ಬಂದು ಇಡೀ ಗಿಡ ಹೋಗುತ್ತದೆ. ಅದಕ್ಕೆ ಮರುಮದ್ದಿಲ್ಲ. 2022ರ ಅಕ್ಟೋಬರಿನ ಕೇಂದ್ರದ ಆದೇಶದ ಪ್ರಕಾರ ಗ್ಲೈಫೋಸೇಟನ್ನು ಪರವಾನಗಿ ಇರುವ ಕೀಟ ನಿಯಂತ್ರಕರು ಮಾತ್ರ ಬಳಸಬೇಕು. "ಕಳೆನಾಶಕ ತಾಳುವ ಬೀಜ" ಅಂತ ಯಾರಾದರೂ ಬಿಲ್ಲಿಲ್ಲದೆ ಚೀಲ ಕೊಟ್ಟರೆ ಮುಟ್ಟಬೇಡಿ.

ಅಮೆರಿಕದವರಿಗೂ ಹೊತ್ತಿನ ಪಾಠ ತಪ್ಪಲಿಲ್ಲ. ಒಂದೇ ಔಷಧವನ್ನು ಮತ್ತೆ ಮತ್ತೆ ನಂಬಿದ್ದಕ್ಕೆ 2005ರಲ್ಲಿ ಅಲ್ಲಿನ ಜಾರ್ಜಿಯಾ ರಾಜ್ಯದಲ್ಲಿ ಗ್ಲೈಫೋಸೇಟಿಗೆ ಸಾಯದ ಹರಿವೆ ಜಾತಿಯ ಕಸ ಖಚಿತವಾಯಿತು. ಅದನ್ನು ಹಿಡಿಯಲು ಡೈಕಾಂಬಾ ತಂದರು. 2017ರಲ್ಲಿ ಅದು ಗಾಳಿಗೆ ಹಾರಿ, ತಾಳದ ಸೋಯಾಬೀನ್ ಬೆಳೆ ಸುಮಾರು 36 ಲಕ್ಷ ಎಕರೆಯಲ್ಲಿ ಮುದುರಿತು ಎಂದು ಅಲ್ಲಿನ ವಿಶ್ವವಿದ್ಯಾಲಯದವರು ಅಂದಾಜು ಮಾಡಿದರು. ಈಗ ಅಲ್ಲೂ ಮೊಳಕೆ ಮುಂಚಿನ ಔಷಧವನ್ನು ಬಿಡಬೇಡಿ, ಕಸ ಸಣ್ಣದಿರುವಾಗಲೇ ಹೊಡೆಯಿರಿ ಎಂದೇ ಹೇಳುತ್ತಾರೆ.

ಹೊತ್ತು ಮೀರಿದ್ದರೆ

30 ದಿನ ದಾಟಿ ಕಸ ಗೇಣುದ್ದ ಆಗಿದ್ದರೆ ಬಾಟಲಿ ಕೆಳಗಿಡಿ. ಹೂವಿಗೆ ಬರುವ ಮುಂಚೆ ಒಂದು ಸಲ ಎಡೆಕುಂಟೆ, ಸಾಲಿನೊಳಗೆ ಕೈಕಳೆ. ಆಳು ಸಿಗುವುದು ಕಷ್ಟ, ಖರ್ಚು ಜಾಸ್ತಿ ಎನ್ನುವುದು ನನಗೂ ಗೊತ್ತು. ಎಲ್ಲ ಕೀಳಲು ಆಗದಿದ್ದರೆ ಬೀಜ ಕಟ್ಟುವ ಮುಂಚೆ ದೊಡ್ಡ ಗಿಡಗಳನ್ನಾದರೂ ಕೀಳಿಸಿ.

ಔಷಧವೇ ಕಳಪೆ ಎನ್ನುವ ಅನುಮಾನ ಮೇಲಿನ ಯಾವುದಕ್ಕೂ ಹೊಂದದಿದ್ದಾಗ ಬರಲಿ. ಆಗ ಬಿಲ್ಲು, ಬ್ಯಾಚ್ ನಂಬರ್ ಇರುವ ಬಾಟಲಿ, ಹೊಡೆಯದೆ ಬಿಟ್ಟ ಎರಡು ಸಾಲಿನ ಫೋಟೋ ಇಟ್ಟುಕೊಂಡು ತಾಲೂಕು ಕೃಷಿ ಅಧಿಕಾರಿಗೆ ಬರವಣಿಗೆಯಲ್ಲಿ ದೂರು ಕೊಡಿ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಇನ್‌ಸ್ಪೆಕ್ಟರ್‌ಗೆ ಇದೆ. ಅರ್ಜಿ ಮರಾಠಿಯಲ್ಲಿ ಬರೆಯಬೇಕಾದರೆ ಊರಿನ ಓದುವ ಮಕ್ಕಳ ಕೈಯಲ್ಲಿ ಬರೆಸಿ, ಒಂದು ಪ್ರತಿಗೆ ಸಹಿ, ಶಿಕ್ಕೆ (ಮುದ್ರೆ) ಹಾಕಿಸಿಕೊಳ್ಳಿ.

ಹಿಂಗಾರಿ ಜೋಳಕ್ಕೆ ಬಿದ್ದ ಪೆಟ್ಟು

ಈಗ ಆ ಮೂರು ಎಕರೆಯ ಕೊನೆಯ ಭಾಗ. ಆ ವರ್ಷ ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತ್ತು. ಸೋಯಾಬೀನ್ ಕೊಯ್ದು ದಸರಾ ಹೊತ್ತಿಗೆ ಮಾಲದಂಡಿ ಜೋಳ ಬಿತ್ತಿದೆ. ಮೊಳಕೆ ಚೆನ್ನಾಗಿ ಬಂತು. ಮೂರನೇ ವಾರಕ್ಕೆ ಎಲೆ ಹಳದಿ, ಕೆಲವು ನೇರಳೆ, ಬೇರು ಮೊಂಡು. ಬದುವಿನ ಆಚೆ ತೊಗರಿ ಇದ್ದ ಹೊಲದಲ್ಲಿ ಅದೇ ಬೀಜ ಮೊಳಕಾಲೆತ್ತರ ನಿಂತಿತ್ತು.

ಇಮ್ಯಾಜೆಥಾಪೈರ್, ಕ್ಲೋರಿಮುರಾನ್ ಎರಡೂ ಮಣ್ಣಿನಲ್ಲಿ ಉಳಿಯುವ ಔಷಧ. ಅವನ್ನು ಕರಗಿಸುವುದು ಹಸಿ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು. ಮಳೆ ಇಲ್ಲದ ವರ್ಷ ಆ ಕೆಲಸ ನಿಲ್ಲುತ್ತದೆ. ನಮ್ಮ ಎರೆ ಮಣ್ಣು ಕ್ಷಾರದ ಕಡೆಗೆ ಇರುವುದರಿಂದ ಕ್ಲೋರಿಮುರಾನ್ ಇನ್ನೂ ನಿಧಾನವಾಗಿ ಕರಗುತ್ತದೆ. ಜೋಳ, ಸೂರ್ಯಕಾಂತಿ, ಸಾಸಿವೆ ಇದಕ್ಕೆ ಬಹಳ ಮೆತ್ತಗಿನ ಬೆಳೆ. ಅದೂ ನಾನು ತಡವಾಗಿ ಎರಡು ಸಲ ಹೊಡೆದಿದ್ದೆ. ಕರಗಲು ಅದಕ್ಕೆ ದಿನಗಳೇ ಉಳಿದಿರಲಿಲ್ಲ.

ಈಗ ನಾನು ಬಿತ್ತುವ ಮೂರು ವಾರ ಮುಂಚೆ ಆ ಹೊಲದ ನಾಲ್ಕು ಕಡೆಯಿಂದ ಮೇಲಿನ ನಾಲ್ಕು ಬೆರಳು ಮಣ್ಣು ತೆಗೆದು ಒಂದು ಡಬ್ಬಿಗೆ ಹಾಕುತ್ತೇನೆ. ಔಷಧ ಬೀಳದ ಜಾಗದ ಮಣ್ಣು ಇನ್ನೊಂದು ಡಬ್ಬಿಗೆ. ಎರಡರ ತಳಕ್ಕೂ ತೂತು. ಎರಡರಲ್ಲೂ ಹತ್ತು ಹತ್ತು ಕಾಳು ಜೋಳ ಹಾಕಿ ಒಂದೇ ಬಿಸಿಲಿನಲ್ಲಿ ಇಟ್ಟು ನೀರು ಕೊಡುತ್ತೇನೆ. 15ನೇ ದಿನ ಕಿತ್ತು ಬೇರು ಪಕ್ಕ ಪಕ್ಕ ಇಟ್ಟು ನೋಡುತ್ತೇನೆ. ಎರಡೂ ಸಮ ಇದ್ದರೆ ಜೋಳ. ಹೊಲದ ಡಬ್ಬಿಯ ಬೇರು ಮೊಂಡಾಗಿದ್ದರೆ ಆ ವರ್ಷ ಅಲ್ಲಿ ಕಡಲೆ.